ನ್ಯಾಯಸ್ಥಾನದ ಮೆಟ್ಟಿಲು

ಯಾರಾದರೂ ವ್ಯಾಜ್ಯ ಹೂಡಿದರೆಂದು ಹೇಳಬೇಕಾದಾಗ ‘ಕೋರ್ಟಿನ ಮೆಟ್ಟಿಲು ಹತ್ತಿದರು’ ಎಂದು ಹೇಳುವುದು ನಮ್ಮಲ್ಲಿ ರೂಢಿ. ಚಿಕ್ಕಂದಿನಿಂದ ಈ ಮಾತನ್ನು ಕೇಳುತ್ತಲೂ ಆಡುತ್ತಲೂ ಬಂದ ನನಗೆ ಅದರಲ್ಲಿ ಏನಾದರೂ ವಿಶೇಷವುಂಟೆಂದು ಐವತ್ತು ವರ್ಷ ತುಂಬುವ ತನಕ ತೋರಿರಲಿಲ್ಲ. ತೋರಿಸಿಕೊಟ್ಟವನು ನನ್ನ ತಮ್ಮನು. ಅವನು ಮೆಟ್ಟಿಲು ಹತ್ತಲಾರನು.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಬಂಡ್ರಿ ನಮ್ಮ ಊರು. ಹೊಸಪೇಟೆ ಹಂಪೆಗಳನ್ನು ಸೇರಿಸಿಕೊಂಡು ೨೦೨೧ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯಾದಾಗಲೂ ನಮ್ಮ ತಾಲೂಕು ಬಳ್ಳಾರಿಯಲ್ಲಿಯೇ ಉಳಿಯಿತು. ಮಳೆಯನ್ನು ನಂಬಿದ ಬೇಸಾಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು, ಮನೆಯ ಮುಂದೆ ಕಲ್ಲಿನ ಕಟ್ಟೆ. ಕಟ್ಟೆಯು ಎತ್ತರವಾಗಿದ್ದಷ್ಟೂ ಮನೆತನಕ್ಕೆ ಗೌರವವೆಂದು ನಮ್ಮ ಹಿರಿಯರು ನಂಬಿದ್ದರು. ನಮ್ಮ ಮನೆಯ ಕಟ್ಟೆ ಒಂದೂವರೆ ಅಡಿ ಎತ್ತರದ್ದು. ಈ ಲೆಕ್ಕವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ತಮ್ಮನು ಹುಟ್ಟಿದುದು ೧೯೭೪ರಲ್ಲಿ. ಅವನ ಮೂರನೆಯ ವರ್ಷದಲ್ಲಿ ಒಂದು ಜ್ವರ ಬಂದಿತು. ನಾಲ್ಕು ದಿನಗಳಲ್ಲಿ ಜ್ವರವೇನೋ ಬಿಟ್ಟಿತು. ಹೋಗುವಾಗ ಕಾಲುಗಳ ಬಲವನ್ನೆಲ್ಲ ಕೊಂಡೊಯ್ದಿತು. ಅದರ ಹೆಸರು ಪೋಲಿಯೋ ಎಂಬುದು ನಮಗೆ ತಿಳಿದುದು ಎಷ್ಟೋ ತಿಂಗಳುಗಳ ಮೇಲೆ. ದೇಶದಲ್ಲೆಲ್ಲ ಒಂದೇ ದಿನ ಮಕ್ಕಳ ಬಾಯಿಗೆ ಎರಡು ಹನಿ ಹಾಕುವ ಪಲ್ಸ್ ಪೋಲಿಯೋ ಏರ್ಪಾಡು ೧೯೯೫ರಲ್ಲಿ ಮೊದಲಾಯಿತು. ೨೦೧೪ರಲ್ಲಿ ಭಾರತವು ಆ ರೋಗದಿಂದ ಬಿಡುಗಡೆ ಹೊಂದಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಸಾರಿದರು. ನಮ್ಮ ಮನೆಯ ಮಟ್ಟಿಗೆ ಆ ಹನಿಗಳು ಹದಿನೆಂಟು ವರ್ಷ ತಡವಾಗಿ ಬಂದುವು.

ಅವನನ್ನು ಹೊತ್ತವನು ನಾನು. ನನಗಿಂತ ಅವನು ಆರು ವರ್ಷಕ್ಕೆ ಚಿಕ್ಕವನು. ಶಾಲೆಗೆ ಹೊತ್ತೆನು, ಜಾತ್ರೆಗೆ ಹೊತ್ತೆನು, ಸಂಡೂರಿನ ಸಂತೆಗೆ ಹೊರಟಾಗ ಬಸ್ಸಿನ ಮೊದಲನೆಯ ಮೆಟ್ಟಿಲಿಗೆ ಎತ್ತಿಟ್ಟೆನು. ಊರವರು ನನ್ನನ್ನು ಶ್ರವಣಕುಮಾರನೆಂದು ಕರೆದರು. ಹಾಗೆ ಕರೆಸಿಕೊಳ್ಳುವುದರಲ್ಲಿ ನನಗೆ ಸುಖವಿದ್ದಿತೆಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವೇನು? ಆ ಕಥೆಯಲ್ಲಿ ಹೊತ್ತವನ ಪುಣ್ಯವನ್ನು ಎಲ್ಲರೂ ಹೇಳುತ್ತಾರೆ. ಕಾವಡಿಯಲ್ಲಿ ಕುಳಿತವರಿಗೆ ದಾರಿಯುದ್ದಕ್ಕೂ ಹೇಗಿದ್ದಿತೆಂದು ಯಾರೂ ಕೇಳಿದವರಿಲ್ಲ. ನಾನೂ ಕೇಳಲಿಲ್ಲ. ತಮ್ಮನಿಗೆ ಕೈಯಿಂದ ತಿರುವಿ ನಡೆಸುವ ಮೂರು ಗಾಲಿಯ ಗಾಡಿ ದೊರೆತಾಗ ಅವನ ಮುಖದಲ್ಲಿ ಕಂಡ ಬೆಳಕು ನನಗೆ ಸ್ವಲ್ಪ ನೋವನ್ನೇ ಉಂಟುಮಾಡಿತು. ಹೈಸ್ಕೂಲು ಮುಗಿಸಿದ ಮೇಲೆ ಅವನು ಮನೆಯ ಮುಂಗೋಣೆಯಲ್ಲಿಯೇ ಹೊಲಿಗೆಯ ಯಂತ್ರವನ್ನಿಟ್ಟು ದುಡಿಯತೊಡಗಿದನು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದ ತನಕ ಬಿಡದೆ ಓದುವವನು ನಮ್ಮ ಮನೆಯಲ್ಲಿ ಅವನೊಬ್ಬನೇ.

೨೦೧೮ರಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಮಾಸಾಶನದ ಕಾಗದಕ್ಕೆ ರುಜು ಹಾಕಲು ಅವನು ಖುದ್ದಾಗಿ ಒಂದು ಕಛೇರಿಗೆ ಹೋಗಬೇಕಾಯಿತು. ಯಾವ ಕಛೇರಿ, ಯಾವ ಊರಿನದು ಎಂಬುದು ಬೇಡ. ಅಂಥವು ಎಲ್ಲೆಲ್ಲಿಯೂ ಇವೆ. ಬಾಗಿಲಿಗೆ ನಾಲ್ಕು ಮೆಟ್ಟಿಲು. ನಾನು ಎಂದಿನಂತೆ ಪಂಚೆಯನ್ನು ಎತ್ತಿ ಕಟ್ಟಿ ಬಗ್ಗಿದೆನು. ನನಗೆ ಆಗ ಐವತ್ತು, ಸೊಂಟ ಹಿಡಿದುಕೊಂಡಿತು. ಅಷ್ಟರಲ್ಲಿ ಒಳಗಿದ್ದ ಅಧಿಕಾರಿಗಳು ನೋಡಿ ತಾವೇ ಎದ್ದು ಬಂದರು. ಬಹಳ ಸಜ್ಜನರು. ಕೆಳಗಿನ ಮೆಟ್ಟಿಲಿನ ಮೇಲೆ, ಜನರು ಬಿಟ್ಟ ಚಪ್ಪಲಿಗಳ ನಡುವೆ ಕುಳಿತು, ಕಾಗದವನ್ನು ತೊಡೆಯ ಮೇಲಿಟ್ಟು ತಮ್ಮನ ರುಜು ಹಾಕಿಸಿಕೊಂಡರು. “ನೀವು ಇನ್ನು ಬರಬೇಡಿ, ಹೇಳಿಕಳುಹಿಸಿ, ನಾನೇ ಬರುತ್ತೇನೆ” ಎಂದರು. ನನಗೆ ಕಣ್ಣು ತುಂಬಿ ಬಂದಿತು. ಕೈಮುಗಿದೆನು.

ತಮ್ಮನು ದಾರಿಯಲ್ಲಿ ಮಾತನಾಡಲಿಲ್ಲ. ಮನೆಗೆ ಬಂದು ನೀರು ಕುಡಿದ ಮೇಲೆ ಹೇಳಿದನು: “ಅವರು ಕೆಟ್ಟವರಾಗಿದ್ದರೆ ಚೆನ್ನಾಗಿದ್ದಿತು. ಜಗಳವನ್ನಾದರೂ ಆಡಬಹುದಾಗಿದ್ದಿತು.”

“ಇಂಥ ದೇವರಂಥ ಮನುಷ್ಯರನ್ನು ಹೀಗೆನ್ನುವೆಯಾ?” ಎಂದು ನಾನು ರೇಗಿದೆನು.

“ದೇವರಂಥವರೇ ಸರಿ. ಅವರಿಗೆ ಮುಂದಿನ ವರ್ಷ ವರ್ಗವಾಗುತ್ತದೆ. ಇಳಿಜಾರು ಕಟ್ಟಿದ್ದರೆ ಅದಕ್ಕೆ ವರ್ಗವಾಗುತ್ತಿರಲಿಲ್ಲ.”

ಆ ರಾತ್ರಿ ಅವನು ಫಿರ್ಯಾದು ಕೊಡುವೆನೆಂದನು. ನನಗೆ ಎದೆ ಧಸಕ್ಕೆಂದಿತು. ಕಾರಣವಿಲ್ಲದೆ ಅಲ್ಲ. ನಮ್ಮ ತಂದೆಯವರು ಹೊಲದ ಒಂದು ಬದುವಿನ ಸಲುವಾಗಿ ಹನ್ನೊಂದು ವರ್ಷ ವ್ಯಾಜ್ಯ ನಡೆಸಿದ್ದರು. ಬಸ್ಸಿನ ದುಡ್ಡು, ವಕೀಲರ ದುಡ್ಡು, ಗುಮಾಸ್ತೆಯ ಚಹದ ದುಡ್ಡು. ಕಡೆಗೆ ಬದುವು ನಮಗೇ ಆಯಿತು, ಬದುವಿನಾಚೆಯ ಹೊಲವು ಸಾಲಕ್ಕೆ ಹೋಯಿತು. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ಬೇರೆಯವರು ಬಾಯಿಪಾಠ ಮಾಡುತ್ತಾರೆ. ನಾವು ಅದನ್ನು ಉಂಡು ಬೆಳೆದವರು. “ಕೋರ್ಟಿನ ಮೆಟ್ಟಿಲು ಹತ್ತುವ ದುರ್ಬುದ್ಧಿ ನಿನಗೇಕೆ?” ಎಂದು ಕೇಳಿದೆನು. ಅವನು ನಕ್ಕುಬಿಟ್ಟನು. “ಹತ್ತಲಾರೆನೆಂಬುದೇ ನನ್ನ ಫಿರ್ಯಾದು, ಅಣ್ಣಾ” ಎಂದನು. ನನಗೆ ಆ ರೂಢಿಯ ಮಾತು ಕಿವಿಗೆ ಬಿದ್ದುದು ಅಂದು.

ಆದರೂ ನಾನು ಸುಲಭವಾಗಿ ಬಿಡಲಿಲ್ಲ. ಜನರ ಮನಸ್ಸು ಮೊದಲು ತಿಳಿಯಾಗಬೇಕು, ಕಾನೂನಿನ ಬಲವಂತದಿಂದ ಪ್ರೀತಿ ಹುಟ್ಟದು ಎಂದು ಉಪದೇಶಿಸಿದೆನು. ಅದಕ್ಕೆ ಅವನು ನಮ್ಮ ತಾಲೂಕಿನ ಕಥೆಯನ್ನೇ ಎತ್ತಿದನು. ಸಂಡೂರು ೧೯೪೯ರ ತನಕ ಘೋರ್ಪಡೆ ಅರಸರ ಸಂಸ್ಥಾನವಾಗಿದ್ದಿತು. ಅಸ್ಪೃಶ್ಯರೆನಿಸಿಕೊಂಡವರಿಗೆ ಸಂಸ್ಥಾನದ ದೇವಾಲಯಗಳನ್ನು ೧೯೩೨ರಲ್ಲಿ ಅರಸರಾದ ಯಶವಂತರಾವ್ ಘೋರ್ಪಡೆಯವರು ತೆರೆದರು. ತಿರುವಾಂಕೂರಿನ ಹೆಸರುವಾಸಿಯಾದ ಘೋಷಣೆ ಹೊರಟುದು ಅದಾದ ನಾಲ್ಕು ವರ್ಷಕ್ಕೆ. “ಊರವರ ಮನಸ್ಸು ತಿಳಿಯಾಗುವ ತನಕ ಅರಸರು ಕಾದರೇ? ಮೊದಲು ಬಾಗಿಲನ್ನು ತೆರೆಸಿದರು. ಮನಸ್ಸು ಹಿಂದಿನಿಂದ ಬರಲಿ ಎಂದರು” ಎಂದನು ತಮ್ಮನು. ಅದು ಇನ್ನೂ ಪೂರ್ತಿಯಾಗಿ ಬಂದಿಲ್ಲವೆಂಬುದು ಬೇರೆ ಮಾತು.

ಎರಡನೆಯ ದೃಷ್ಟಾಂತವು ನಮ್ಮ ಕಣ್ಣೆದುರಿಗೇ ನಡೆದುದು. ಕಬ್ಬಿಣದ ಅದಿರಿಗೆ ಬೆಲೆ ಬಂದ ಆ ವರ್ಷಗಳಲ್ಲಿ ಸಂಡೂರಿನ ದಾರಿಯಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಗಿಡದೆಲೆ, ಹಂಚು, ಕೂದಲು ಎಲ್ಲವೂ ಒಂದೇ ಕೆಂಪು. ಕೈಗಾಡಿಯವನು ಆ ದಾರಿಗೆ ಇಳಿಯುವುದೆಂದರೆ ಪ್ರಾಣದ ಮೇಲಿನ ಆಸೆ ಬಿಟ್ಟಂತೆ. ತಮ್ಮನು ವರ್ಷಗಟ್ಟಲೆ ಊರಿನ ಗಡಿ ದಾಟಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿತು. ೨೦೧೧ರ ಜುಲೈ ೨೯ರಂದು ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಗುಡ್ಡವನ್ನೇ ಹೊತ್ತೊಯ್ಯುತ್ತಿದ್ದ ಲಾರಿಗಳು ಒಂದು ಹಾಳೆ ಕಾಗದಕ್ಕೆ ನಿಂತುವು. ಎಷ್ಟೋ ಮನೆಗಳಲ್ಲಿ ಕೂಲಿಯೂ ನಿಂತಿತೆಂಬುದನ್ನು ನಾನು ಮರೆಯಲಾರೆನು. ನಮ್ಮ ನೆಂಟರಲ್ಲಿಯೇ ಅಂಥವರಿದ್ದರು. ಆಮೇಲೆ ಕಟ್ಟುಪಾಡುಗಳಿಗೆ ಒಳಪಟ್ಟು ಗಣಿಗಳು ಮತ್ತೆ ತೆರೆದುವು. ಆದರೆ ಆ ವರ್ಷ ತಮ್ಮನು ತನ್ನ ಗಾಡಿಯನ್ನು ತಾನೇ ತಿರುವುತ್ತ ಡಾಂಬರು ರಸ್ತೆಯಲ್ಲಿ ಹೋದುದನ್ನು ನಾನು ಕಂಡಿದ್ದೇನೆ. ಕಾಲಿಲ್ಲದವರಿಗಾಗಿ ಹೂಡಿದ ದಾವೆ ಅದಾಗಿರಲಿಲ್ಲ. ಅವರಿಗೂ ಅದರಿಂದ ದಾರಿಯಾಯಿತು.

ಕಾಲಿಲ್ಲದವರಿಗಾಗಿಯೇ ಹೂಡಿದ ದಾವೆಗಳ ವಿಷಯವನ್ನು ಅವನು ಒಂದೊಂದಾಗಿ ನನಗೆ ಹೇಳಿದನು. ಪತ್ರಿಕೆಯ ತುಣುಕುಗಳನ್ನು ಹೊಲಿಗೆ ಯಂತ್ರದ ಸೊರುಗಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಜೋಡಿಸಿಟ್ಟಿದ್ದನು. ಅಂಗವಿಕಲರಿಗೆ ಸಮಾನ ಅವಕಾಶ ಕೊಡತಕ್ಕದ್ದೆಂಬ ಮೊದಲ ಕಾನೂನು ನಮ್ಮ ದೇಶದಲ್ಲಿ ೧೯೯೫ರಲ್ಲಿ ಆಯಿತು. ದೆಹಲಿಯ ಜಾವೇದ್ ಆಬಿದಿಯವರು ಹುಟ್ಟಿನಿಂದ ಬೆನ್ನುಹುರಿಯ ದೋಷವುಳ್ಳವರಾಗಿ ಗಾಲಿಕುರ್ಚಿಯಲ್ಲಿ ಬಾಳಿದವರು. ವಿಮಾನವೇರುವಾಗ ಮೂಟೆಯಂತೆ ಎತ್ತಿಸಿಕೊಳ್ಳಲು ಒಪ್ಪದೆ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೯೮ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ಚಲನ ವೈಕಲ್ಯವು ಶೇಕಡ ೮೦ಕ್ಕೆ ಮೇಲ್ಪಟ್ಟವರಿಗೆ ಅಂದಿನ ಸರಕಾರಿ ವಿಮಾನ ಸಂಸ್ಥೆಯಲ್ಲಿ ಅರ್ಧ ದರವೂ ದೊರೆಯುವಂತಾಯಿತು. ವಿಮಾನದ ಮಾತು ನಮಗೆ ದೂರದ್ದೆನ್ನೋಣ. ೨೦೦೪ರ ಲೋಕಸಭೆಯ ಚುನಾವಣೆ ನಡೆಯುತ್ತಿದ್ದಾಗಲೇ ಇವರ ಬಳಗದವರು ಮತ್ತೆ ಅದೇ ನ್ಯಾಯಾಲಯವನ್ನು ಕೇಳಿಕೊಂಡು, ಮತಗಟ್ಟೆಗಳಲ್ಲಿ ಮರದ ಇಳಿಜಾರು ಹಲಗೆಗಳನ್ನು ಇಡತಕ್ಕದ್ದೆಂದು ಆಜ್ಞೆಯನ್ನು ಪಡೆದರು. ಆ ಹಲಗೆ ನಮಗೆ ದೂರದ್ದಲ್ಲ. ಕೆಲವು ಚುನಾವಣೆಗಳಾದ ಮೇಲೆ ತಮ್ಮನು ನನ್ನ ಹೆಗಲಿಲ್ಲದೆ ಮತಗಟ್ಟೆಯೊಳಕ್ಕೆ ಹೋದನು. ಅಲ್ಲಿಯ ತನಕ ಅವನ ಮತವು ಗುಟ್ಟಿನದೇ ಆಗಿರಲಿಲ್ಲ. ಯಂತ್ರದ ಮುಂದೆ ಅವನನ್ನು ಹಿಡಿದು ನಿಲ್ಲಿಸಿದ ನಾನು ಯಾವ ಗುಂಡಿ ಒತ್ತಿದನೆಂದು ನೋಡದೆ ಇರುತ್ತಿದ್ದೆನೇ? ಹೊರಕ್ಕೆ ಬಂದಾಗ ಯಾರಿಗೆ ಹಾಕಿದೆಯೆಂದು ಕೇಳಿದೆನು. ಹೇಳುವುದಿಲ್ಲವೆಂದನು.

ಕೋಲ್ಕತ್ತದ ಜೀಜಾ ಘೋಷ್ ಎಂಬ ಮಹಿಳೆಯನ್ನು, ಮಿದುಳಿನ ವಾತದಿಂದ ಅವರ ನಡೆನುಡಿ ಬೇರೆಯಾಗಿದ್ದುದರಿಂದ, ೨೦೧೨ರಲ್ಲಿ ಒಂದು ವಿಮಾನದಿಂದ ಕೆಳಗಿಳಿಸಿಬಿಟ್ಟರು. ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇನ್ನು ರಾಜೀವ್ ರತೂರಿಯವರ ಅರ್ಜಿ. ಕಣ್ಣು ಕಾಣದ ಈ ಮನುಷ್ಯರು ರಸ್ತೆ, ಬಸ್ಸು, ರೈಲು, ಸರಕಾರಿ ಕಟ್ಟಡ ಇವೆಲ್ಲವೂ ಅಂಗವಿಕಲರು ಬಳಸುವಂತಿರಬೇಕೆಂದು ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದರು. ಹನ್ನೆರಡು ವರ್ಷಗಳ ಮೇಲೆ, ೨೦೧೭ರ ಡಿಸೆಂಬರ್ ೧೫ರಂದು, ನ್ಯಾಯಾಲಯವು ಕೇಂದ್ರ ಸರಕಾರಕ್ಕೂ ಪ್ರಾಂತ ಸರಕಾರಗಳಿಗೂ ಹನ್ನೊಂದು ನಿರ್ದೇಶಗಳನ್ನು ಕೊಟ್ಟಿತು. ಅಷ್ಟಾದರೂ ಕೆಲಸ ಮುಗಿಯಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಹೊಸ ಕಾನೂನೂ ಬಂದಿದ್ದಿತು. ೨೦೧೬ರಲ್ಲಿ ಅಂಗೀಕಾರವಾಗಿ ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದ ಆ ಕಾನೂನಿನಲ್ಲಿ ವೈಕಲ್ಯಗಳ ಬಗೆಗಳು ಏಳರಿಂದ ಇಪ್ಪತ್ತೊಂದಕ್ಕೆ ಏರಿದುವು. ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಎಲ್ಲರೂ ಪ್ರವೇಶಿಸುವಂತೆ ಮಾಡತಕ್ಕದ್ದೆಂದು ಅದರ ೪೫ನೆಯ ಕಲಮು. ಉಲ್ಲಂಘಿಸಿದವರಿಗೆ ಮೊದಲ ಬಾರಿಗೆ ಹತ್ತು ಸಾವಿರ ರೂಪಾಯಿಯವರೆಗೆ, ಆಮೇಲಿನ ತಪ್ಪಿಗೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವೆಂದು ೮೯ನೆಯ ಕಲಮು. ಇದನ್ನು ಓದಿ ಹೇಳಿದಾಗ ತಮ್ಮನು ಹೆಸರಿನ ವಿಷಯದಲ್ಲಿಯೂ ಒಂದು ಮಾತನ್ನಾಡಿದನು. ಮೊದಲು ನಮ್ಮವರು ಅವನನ್ನು ಹೆಳವನೆನ್ನುತ್ತಿದ್ದರು, ಆಮೇಲೆ ಅಂಗವಿಕಲನಾದನು, ಸರಕಾರದ ಕಾಗದಗಳಲ್ಲಿ ವಿಕಲಚೇತನನಾದನು, ಈಗ ದಿವ್ಯಾಂಗನು. “ವಿಕಲವಾಗಿರುವುದು ಕಾಲು, ಚೇತನಕ್ಕೇನಾಗಿದೆ? ಹೆಸರನ್ನು ಮೂರು ಬಾರಿ ಬದಲಿಸಿದರು. ಮೆಟ್ಟಿಲನ್ನು ಒಂದು ಬಾರಿಯೂ ಬದಲಿಸಲಿಲ್ಲ.”

ವ್ಯಾಜ್ಯವೆಂದರೆ ಹೊಲಮನೆ ಮಾರಬೇಕೆಂದೇ ತಿಳಿದಿದ್ದ ನನ್ನಂಥವರಿಗೆ ಉಪಯೋಗವಾಗಲೆಂದು ಎರಡು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ. ಇಂಥ ಫಿರ್ಯಾದನ್ನು ನೇರವಾಗಿ ಕೋರ್ಟಿಗೇ ಒಯ್ಯಬೇಕಾಗಿಲ್ಲ. ಪ್ರತಿಯೊಂದು ಪ್ರಾಂತಕ್ಕೂ ಈ ಕಾನೂನಿನ ಮೇರೆಗೆ ಒಬ್ಬ ರಾಜ್ಯ ಆಯುಕ್ತರಿದ್ದಾರೆ. ನಮ್ಮವರ ಕಛೇರಿ ಬೆಂಗಳೂರಿನಲ್ಲಿ. ಅವರಿಗೆ ಅಂಚೆಯಲ್ಲಿ ಬರೆದುಕೊಂಡರೆ ಸಾಕು. ಸಂಬಂಧಪಟ್ಟವರನ್ನು ಕರೆಸುವುದರಲ್ಲಿಯೂ ಕಾಗದಪತ್ರಗಳನ್ನು ತರಿಸುವುದರಲ್ಲಿಯೂ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡುವುದು ಶಿಫಾರಸು; ಆದರೆ ಅದು ತಲುಪಿದ ಮೂರು ತಿಂಗಳೊಳಗೆ ಏನು ಮಾಡಿದೆವೆಂದು ಆ ಕಛೇರಿಯವರು ಉತ್ತರ ಹೇಳಬೇಕು. ಅದೂ ಸಾಲದಿದ್ದರೆ ಉಚ್ಚ ನ್ಯಾಯಾಲಯವಿದೆ. ನಮ್ಮ ಜಿಲ್ಲೆಗೆ ಅದರ ಪೀಠ ೨೦೦೮ರಿಂದ ಧಾರವಾಡದಲ್ಲಿ. ಎರಡನೆಯದೇನೆಂದರೆ, ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾನೂನಿನಂತೆ ಅಂಗವಿಕಲರಿಗೆ ಅವರ ವರಮಾನವೆಷ್ಟೇ ಇರಲಿ ವಕೀಲರ ನೆರವು ಧರ್ಮಾರ್ಥವಾಗಿ ದೊರೆಯುತ್ತದೆ. ನಮ್ಮ ತಂದೆಯವರಿಗೆ ಗುಮಾಸ್ತೆಯ ಚಹದ ದುಡ್ಡೇ ಭಾರವಾಗಿದ್ದಿತೆಂಬುದನ್ನು ನೆನೆದಾಗ ಇದು ನನಗೆ ದೊಡ್ಡದಾಗಿ ತೋರಿತು.

ತಮ್ಮನು ಎರಡು ಪುಟದ ಫಿರ್ಯಾದನ್ನು ತನ್ನ ದುಂಡನೆಯ ಅಕ್ಷರಗಳಲ್ಲಿ ತಾನೇ ಬರೆದನು. ಅಧಿಕಾರಿಗಳ ಮೇಲೆ ದೂರಿನ ಮಾತು ಒಂದೂ ಇರಲಿಲ್ಲ. ಅವರ ಸೌಜನ್ಯವನ್ನು ಒಂದು ವಾಕ್ಯದಲ್ಲಿ ನೆನೆದಿದ್ದನು. ಲಕೋಟೆಯನ್ನು ಅಂಚೆಗೆ ಹಾಕೆಂದು ನನ್ನ ಕೈಯಲ್ಲಿ ಕೊಟ್ಟನು. ನಾನು ಅದನ್ನು ಒಂಬತ್ತು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆನು. ಊರವರು ಏನೆನ್ನುವರು, ನಾಳೆ ನಮ್ಮ ಪಹಣಿಯ ಕೆಲಸಕ್ಕೆ ಅದೇ ಬಾಗಿಲಿಗೆ ಹೋಗಬೇಕಲ್ಲ, ಆ ಸಜ್ಜನರ ಮುಖವನ್ನು ಹೇಗೆ ನೋಡಲಿ, ಹೀಗೆ ದಿನಕ್ಕೊಂದು ನೆಪ. ನಿಜವಾದ ಕಾರಣ ಇವು ಯಾವುವೂ ಅಲ್ಲವೆಂದು ಈಗ ತೋರುತ್ತದೆ. ಆ ಬಾಗಿಲಿಗೆ ಅವನು ತಾನೇ ಹೋಗಬಲ್ಲವನಾದರೆ ನಾನು ಏನಾದೆನು? ಹತ್ತನೆಯ ದಿನ ಊಟಕ್ಕೆ ಕುಳಿತಾಗ ಅವನು ತಲೆಯೆತ್ತದೆ, “ಅಣ್ಣಾ, ಜೇಬು ಒಗೆತಕ್ಕೆ ಹಾಕುವ ಮುಂಚೆ ನೋಡು” ಎಂದನು. ಅಂದು ಮಧ್ಯಾಹ್ನವೇ ಹಾಕಿ ಬಂದೆನು.

ಕಾಗದವು ಹೋಗಿ, ಅಲ್ಲಿಂದ ಕಛೇರಿಗೆ ನೋಟೀಸು ಬಂದು, ಮಾತು ಊರೆಲ್ಲ ಹರಡಿತು. ಉಂಡ ಮನೆಗೆ ಎರಡು ಬಗೆದರೆಂದವರುಂಟು. ಆ ಅಧಿಕಾರಿಗಳು ಮಾತ್ರ ಏನೂ ಅನ್ನಲಿಲ್ಲ. ತಮ್ಮನು ಹೇಳಿದ್ದಂತೆ ಅವರಿಗೆ ಮುಂದಿನ ವರ್ಷ ವರ್ಗವಾಯಿತು. ೨೦೧೯ರ ಬೇಸಗೆಯಲ್ಲಿ ಇಳಿಜಾರು ಸಿದ್ಧವಾಯಿತೆಂದು ಹೇಳಿಕಳುಹಿಸಿದರು. ಇಬ್ಬರೂ ಹೋದೆವು. ನ್ಯಾಯವೆಂಬುದು ಸಿಮೆಂಟಿನಲ್ಲಿ ಹೇಗೆ ಕಾಣುತ್ತದೆಂದು ನೋಡುವ ಕುತೂಹಲ ನನಗೂ ಇದ್ದಿತು.

ನಾಲ್ಕು ಮೆಟ್ಟಿಲೆಂದರೆ ಎರಡಡಿ ಎತ್ತರ. ಅದಕ್ಕೆ ಅವರು ಏಳಡಿ ಉದ್ದದ ಇಳಿಜಾರನ್ನು ಕಟ್ಟಿ, ನುಣ್ಣಗೆ ಗಾರೆ ಮಾಡಿ, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರವನ್ನು ನೀಲಿ ಬಣ್ಣದಲ್ಲಿ ಬರೆಸಿದ್ದರು. ಚಿತ್ರವು ಅಂದವಾಗಿದ್ದಿತು. ತಮ್ಮನು ಗಾಲಿಗಳನ್ನು ಒತ್ತಿ ಅರ್ಧ ಏರಿ, ಅಲ್ಲಿಂದ ಹಿಂದಕ್ಕೆ ಜಾರತೊಡಗಿದನು. ನಾನು ಹಿಡಿಯದಿದ್ದರೆ ರಸ್ತೆಗೆ ಬೀಳುತ್ತಿದ್ದನು. ನೋಡುತ್ತಿದ್ದವರೊಬ್ಬರು ಆಡಿನ ಮರಿಯೂ ಇದನ್ನು ಯೋಚಿಸಿ ಹತ್ತೀತೆಂದು ನಕ್ಕರು. ಕಟ್ಟಿದವರಲ್ಲಿ ದುರುದ್ದೇಶವೇನೂ ಇದ್ದಂತಿಲ್ಲ. ಇಳಿಜಾರು ಎಂದರೆ ಮೆಟ್ಟಿಲಿನ ಮೇಲೆ ಗಾರೆ ಬಳಿಯುವುದೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆನು.

ಇಳಿಜಾರಿಗೆ ಒಂದು ಲೆಕ್ಕವಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾದರೆ ಒಬ್ಬನೇ ಕುರ್ಚಿಯನ್ನು ಏರಿಸಲಾರನು, ಇಳಿಯುವಾಗ ತಡೆಯಲಾರನು. ಅಗಲ ನಾಲ್ಕಡಿಗೆ ಕಡಮೆಯಾಗಬಾರದು. ಎರಡು ಪಕ್ಕಗಳಲ್ಲಿಯೂ ಹಿಡಿಕೆಯ ಕಂಬಿ, ನೆಲ ಒರಟು, ಮೇಲೆಯೂ ಕೆಳಗೆಯೂ ತಿರುವಿನಲ್ಲಿಯೂ ಕುರ್ಚಿ ಸುತ್ತಿ ನಿಲ್ಲುವುದಕ್ಕೆ ಐದಡಿಯ ಚೌಕ, ಬಾಗಿಲು ಮೂರಡಿ. ಇವನ್ನೆಲ್ಲ ಸರಕಾರವೇ ಅಚ್ಚು ಹಾಕಿಸಿದೆ. ತಮ್ಮನು ಹೊಲಿಗೆಯ ಟೇಪನ್ನು ನನ್ನ ಕೈಯಲ್ಲಿ ಹಿಡಿಸಿ ಅಳತೆ ತೆಗೆಸಿ, ನಕ್ಷೆ ಬರೆದು, ಎರಡನೆಯ ಫಿರ್ಯಾದನ್ನು ಕಳುಹಿಸಿದನು. ಈ ಲಕೋಟೆ ನನ್ನ ಜೇಬಿನಲ್ಲಿ ನಿಲ್ಲಲಿಲ್ಲ. ನಡುವೆ ಕೊರೋನಾ ಬಂದು ಎಲ್ಲವೂ ಮುಚ್ಚಿತು. ಕಡೆಗೆ ೨೦೨೧ರ ಕೊನೆಯಲ್ಲಿ ಇಪ್ಪತ್ತನಾಲ್ಕು ಅಡಿಯ ಇಳಿಜಾರು, ನಡುವೆ ಒಂದು ತಿರುವಿನೊಡನೆ, ಸಿದ್ಧವಾಯಿತು. ತಮ್ಮನು ಹತ್ತಿ ಒಳಗೆ ಹೋದನು. ನಾನು ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದೆನು. ಅವನಿಗೆ ಒಳಗೆ ಅರ್ಧ ಘಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಒಬ್ಬ ಬಸುರಿ, ಊರುಗೋಲಿನ ಇಬ್ಬರು ಮುದುಕರು, ಕಾಗದದ ಕಟ್ಟುಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡ ಒಬ್ಬ ಜವಾನ, ಎಲ್ಲರೂ ಮೆಟ್ಟಿಲು ಬಿಟ್ಟು ಆ ಇಳಿಜಾರಿನಲ್ಲಿಯೇ ಹೋದರು. ಒಬ್ಬನು ತನ್ನ ಮೋಟಾರು ಸೈಕಲ್ಲನ್ನು ಅದರ ಬುಡದಲ್ಲಿಯೇ ನಿಲ್ಲಿಸಿ ಹೋದನು. ತಮ್ಮನು ಹಿಂದಿರುಗಿ ಬಂದು ಅಲ್ಲಿ ಸಿಕ್ಕಿಕೊಂಡನು. ಎತ್ತಿಕೊಳ್ಳಲೆಂದು ನಾನು ಎದ್ದೆನು. ಬೇಡವೆಂದು ಕೈಯಾಡಿಸಿ, ಆ ಗೃಹಸ್ಥನು ಬರುವ ತನಕ ಬಿಸಿಲಿನಲ್ಲಿಯೇ ಕಾದನು.

ಕೋರ್ಟಿನ ಮೆಟ್ಟಿಲಿನ ಮಾತು ಬರಿಯ ಮಾತಲ್ಲವೆಂಬುದಕ್ಕೆ ಅಮೆರಿಕದಲ್ಲಿ ಒಂದು ಮೊಕದ್ದಮೆ ಪ್ರಸಿದ್ಧವಾಗಿದೆ. ಟೆನೆಸಿ ಪ್ರಾಂತದ ಜಾರ್ಜ್ ಲೇನ್ ಎಂಬವನು ಅಪಘಾತದಲ್ಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡಿದ್ದನು. ವಾಹನದ ವಿಷಯದ ಒಂದು ಸಣ್ಣ ಅಪರಾಧಕ್ಕಾಗಿ ೧೯೯೬ರಲ್ಲಿ ಅವನನ್ನು ಕೋರ್ಟಿಗೆ ಕರೆಸಿದರು. ನ್ಯಾಯಾಧೀಶರ ಕೊಠಡಿ ಮಹಡಿಯ ಮೇಲೆ, ಎತ್ತುಯಂತ್ರವಿಲ್ಲ. ಮೊದಲ ದಿನ ಅವನು ಮೆಟ್ಟಿಲುಗಳ ಮೇಲೆ ತೆವಳಿಕೊಂಡೇ ಹೋದನು. ಎರಡನೆಯ ಬಾರಿ ಕರೆದಾಗ, ತೆವಳುವುದಿಲ್ಲ, ಯಾರಿಂದಲೂ ಹೊರಿಸಿಕೊಳ್ಳುವುದೂ ಇಲ್ಲವೆಂದು ಕೆಳಗೆ ಕುಳಿತನು. ಹಾಜರಾಗಲಿಲ್ಲವೆಂದು ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಅವನು ಪ್ರಾಂತದ ಮೇಲೆಯೇ ದಾವೆ ಹೂಡಿದನು; ೨೦೦೪ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಅವನಿಗೆ ದಾವೆಯ ಹಕ್ಕುಂಟೆಂದು ತೀರ್ಪಿತ್ತಿತು. ಒಬ್ಬ ನ್ಯಾಯಾಧೀಶನ ಮನಸ್ಸು ಆಚೆಗೆ ತಿರುಗಿದ್ದರೆ ಅವನು ಸೋಲುತ್ತಿದ್ದನು. ನಮ್ಮ ಸರ್ವೋಚ್ಚ ನ್ಯಾಯಾಲಯವೂ ತನ್ನ ಆವರಣವು ಅಂಗವಿಕಲರಿಗೆ ಎಷ್ಟು ಸುಗಮವಾಗಿದೆಯೆಂದು ನೋಡುವುದಕ್ಕೆ ಒಂದು ಸಮಿತಿಯನ್ನು ನೇಮಿಸಿದುದು ೨೦೨೨ರ ಡಿಸೆಂಬರಿನಲ್ಲಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಅದೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ತಪ್ಪು ಸಿದ್ಧವಾದರೆ ಒಂದೊಂದು ಬಾರಿಗೆ ಕನಿಷ್ಠ ೪೦೦೦ ಡಾಲರು ಪರಿಹಾರ ಸಲ್ಲುತ್ತದೆ. ಆದಕಾರಣ ಅಂಗಡಿಯಿಂದ ಅಂಗಡಿಗೆ ಹೋಗಿ ಬಾಗಿಲಿನ ಅಗಲವನ್ನು ಅಳೆದು ದಾವೆ ಹೂಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆಂದು ಅಲ್ಲಿಯ ಸಣ್ಣ ವ್ಯಾಪಾರಿಗಳ ಗೋಳು. ಅದು ಸುಳ್ಳಲ್ಲ. ಇದನ್ನು ನಾನು ತಮ್ಮನಿಗೆ ಸ್ವಲ್ಪ ಗೆಲವಿನಿಂದಲೇ ಹೇಳಿದೆನು. ಅವನು, “ನಮ್ಮಲ್ಲಿ ಅಷ್ಟು ದಾವೆಗಳಾದ ದಿನ ಹೇಳು, ನಾನೂ ನಿನ್ನೊಡನೆ ಸೇರಿ ಬೈಯುತ್ತೇನೆ” ಎಂದನು. ೨೦೧೧ರ ಜನಗಣತಿಯಂತೆ ದೇಶದ ಅಂಗವಿಕಲರು ೨ ಕೋಟಿ ೬೮ ಲಕ್ಷ. ನಡೆಯಲಾರದವರು, ಕಷ್ಟದಿಂದ ನಡೆಯುವವರು ಅವರಲ್ಲಿ ೫೪ ಲಕ್ಷ. ಅವರಲ್ಲಿ ಲಕೋಟೆ ಬರೆದವರೆಷ್ಟು, ಅದನ್ನು ಜೇಬಿನಲ್ಲಿಟ್ಟುಕೊಂಡ ಅಣ್ಣಂದಿರೆಷ್ಟು!

ರತೂರಿಯವರ ಅರ್ಜಿಯ ಕಥೆ ೨೦೨೪ರ ನವೆಂಬರ್ ೮ರಂದು ಮತ್ತೆ ಮುಂದುವರಿಯಿತು. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಪೀಠವು ಒಂದು ಸೋಜಿಗವನ್ನು ಎತ್ತಿ ತೋರಿಸಿತು. ೨೦೧೬ರ ಕಾನೂನು ‘ಮಾಡತಕ್ಕದ್ದು’ ಎನ್ನುತ್ತದೆ, ಮಾಡದವರಿಗೆ ದಂಡವೆನ್ನುತ್ತದೆ. ಆದರೆ ಅದರ ಅಡಿಯಲ್ಲಿ ಸರಕಾರವು ಮಾಡಿದ ೧೫ನೆಯ ನಿಯಮವು ಹೆಸರಿಸಿದ ಅಳತೆಗಳೆಲ್ಲ ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯವು. ಇಳಿಜಾರಿನ ಲೆಕ್ಕವು ಬರಿಯ ಸಲಹೆಯಾದ ಮೇಲೆ ಏಳಡಿ ಕಟ್ಟಿದವನನ್ನು ಹಿಡಿಯುವುದು ಹೇಗೆ? ಆ ನಿಯಮವು ಮೂಲ ಕಾನೂನಿಗೆ ವಿರೋಧವಾದುದೆಂದು ತೀರ್ಮಾನಿಸಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ಮಾಡಬೇಕೆಂದು ನ್ಯಾಯಾಲಯವು ಸರಕಾರಕ್ಕೆ ಆಜ್ಞಾಪಿಸಿತು. ಹಳೆಯ ಕಟ್ಟಡಗಳಿಗೆ ಕಾನೂನು ಕೊಟ್ಟ ಐದು ವರ್ಷ ೨೦೨೨ರ ಜೂನಿಗೇ ಮುಗಿದಿದ್ದಿತು. ಅರ್ಜಿ ಸಲ್ಲಿಸಿ ಹತ್ತೊಂಬತ್ತು ವರ್ಷ. ನಮ್ಮ ತಂದೆಯವರ ಹನ್ನೊಂದು ವರ್ಷ ನನಗೆ ಚಿಕ್ಕದಾಗಿ ಕಂಡಿತು.

ಈ ಸುದ್ದಿಯನ್ನು ಓದಿದ ಸಂಜೆ ತಮ್ಮನು ಪತ್ರಿಕೆಯನ್ನು ಮಡಿಸಿಟ್ಟು ಮನೆಗೆ ಬರಬೇಕೆಂದನು. ಅವನು ಆಗ ಬೀದಿಯಲ್ಲಿ ಗಾಡಿಯ ಮೇಲಿದ್ದನು. ನಾನು ಕಟ್ಟೆಯ ಮೇಲೆ ಕುಳಿತಿದ್ದೆನು. ನಾನು ಎದ್ದು, ಸೊಂಟವನ್ನು ಒಂದು ಬಾರಿ ಒತ್ತಿಕೊಂಡು, ಅವನನ್ನು ಎತ್ತಲು ಬಗ್ಗಿದೆನು. “ಇನ್ನು ಮುಂದಿನ ಫಿರ್ಯಾದು ನಿನ್ನ ಮೇಲೆ” ಎಂದನು. ನಗುತ್ತಲೇ ಅಂದನು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಲವತ್ತೇಳು ವರ್ಷ! ಕಛೇರಿಯ ನಾಲ್ಕು ಮೆಟ್ಟಿಲುಗಳನ್ನು ಊರೆಲ್ಲ ನೋಡಿದೆವು. ನಮ್ಮ ಮನೆಯ ಒಂದೂವರೆ ಅಡಿಯ ಕಟ್ಟೆಯನ್ನು ಅವನು ಒಬ್ಬನೇ ಒಂದು ದಿನವಾದರೂ ಏರಿದವನಲ್ಲ, ಇಳಿದವನಲ್ಲ. ನಾನು ಹೊಲದಿಂದ ಬರುವ ತನಕ ಒಳಗಿದ್ದವನು ಒಳಗೆ, ಹೊರಗಿದ್ದವನು ಹೊರಗೆ. ಮಳೆಗೆ ನೆನೆದದ್ದೂ ಉಂಟು.

ಕಳೆದ ವರ್ಷ ಬೇಸಗೆಯಲ್ಲಿ ಗಾರೆಯವನನ್ನು ಕರೆಸಿದೆನು. ಒಂದೂವರೆ ಅಡಿಗೆ ಹದಿನೆಂಟು ಅಡಿ ಬೇಕು. ನಮ್ಮ ಅಂಗಳ ಹದಿನಾಲ್ಕೇ ಅಡಿ. ಗಾರೆಯವನು, “ಸ್ವಲ್ಪ ಕಡಿದಾಗಿದ್ದರೆ ಏನಾಯಿತು, ಎತ್ತಲು ನೀವಿದ್ದೀರಲ್ಲ” ಎಂದನು. ತಮ್ಮನು ಕಟ್ಟೆಯ ಮೇಲೆ ಕುಳಿತು ಟೇಪನ್ನು ಬಿಡಿಸಿದನು. ಒಂಬತ್ತು ಅಡಿ ಇಳಿಸಿ, ಐದಡಿಯ ಚೌಕದಲ್ಲಿ ತಿರುಗಿಸಿ, ಗೋಡೆಯ ಉದ್ದಕ್ಕೆ ಮತ್ತೆ ಒಂಬತ್ತು ಅಡಿ ಎಂದು ಗೊತ್ತಾಯಿತು. ಚೌಕ ಬರಬೇಕಾದಲ್ಲಿ ತುಳಸಿಯ ಕಟ್ಟೆ ಇದ್ದಿತು. ನನ್ನ ಹೆಂಡತಿ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ತಾನೇ ಪೂಜೆ ಮಾಡಿ ಗಿಡವನ್ನು ಬೇರುಸಹಿತ ತೆಗೆದು ಎಡಗಡೆಗೆ ನೆಟ್ಟಳು. ಅದು ಹಿಡಿದುಕೊಂಡಿದೆ. ಬಾಗಿಲಿಗೆ ಮೆಟ್ಟಿಲೇ ಇಲ್ಲದೆ ಹೋದುದರಿಂದ ಈಗ ಅವಳು ರಂಗೋಲಿಯನ್ನು ಆ ಚೌಕದಲ್ಲಿ ಹಾಕುತ್ತಾಳೆ. ಬೆಳಗ್ಗೆ ತಮ್ಮನು ಎದ್ದು ಹಾಲಿಗೆ ಹೋಗುವ ಹೊತ್ತಿಗೆ ಅದು ಇನ್ನೂ ಹಸಿಯಾಗಿರುತ್ತದೆಂದು ಅವನೊಡನೆ ದಿನವೂ ಒಂದು ಸಣ್ಣ ಜಗಳವಾಗುತ್ತದೆ.

ಕಂಬಿಯ ಕೆಲಸ ಒಂದು ಬಾಕಿ ಇದೆ. ಕಮ್ಮಾರನು ಬರುವ ಸೋಮವಾರ ಬರುತ್ತೇನೆಂದಿದ್ದಾನೆ.